ಅರೆಕಿವಿಯಲ್ಲಿ ಕೇಳಿದ್ದೇ ಯಾಕೆ ಉಳಿಯುತ್ತದೆ?

ಕಾಫಿಪುಡಿ
ಭಾನುವಾರ, ಬೆಳಿಗ್ಗೆ 9:20

ಮೊನ್ನೆ ಬಾಗಿಲು ಹಾಕಿಕೊಂಡು ಕೂತೆ. ಒಂದು ಗಂಟೆ ಬೇರೇನೂ ಮಾಡದೆ ಬರೀ ಸಂಗೀತ ಕೇಳಬೇಕು ಅಂತ. ಒಳ್ಳೆ ಹೆಡ್‌ಫೋನ್ ಇದೆ, ಮಗಳು ಕೊಡಿಸಿದ್ದು. ತೋಡಿ ರಾಗದ ಆಲಾಪನೆ ಶುರುವಾಯಿತು. ಹತ್ತು ನಿಮಿಷ ಆಗಿರಬೇಕು, ಗ್ಯಾಸ್ ಬುಕ್ ಮಾಡಿದ್ದೀನೋ ಇಲ್ವೋ ಅನ್ನೋ ಯೋಚನೆ ಬಂತು. ಆಮೇಲೆ ಬರೆದು ಕಳಿಸಬೇಕಾದ ಲೇಖನದ ಯೋಚನೆ. ಹಾಡು ಮುಗಿದದ್ದೇ ಗೊತ್ತಾಗಲಿಲ್ಲ.

ಅವತ್ತೇ ಸಂಜೆ ಅಡುಗೆಮನೆಯಲ್ಲಿ ಹುರುಳೀಕಾಯಿ ನಾರು ತೆಗೆಯುತ್ತಿದ್ದೆ. ಮೇಲಿನ ಮನೆಯ ಹುಡುಗಿ ಸಂಗೀತ ಅಭ್ಯಾಸ ಮಾಡುತ್ತಿದ್ದಳು. ಅದೂ ತೋಡಿಯೇ. ಗಾಂಧಾರಕ್ಕೆ, ಅಂದರೆ 'ಗ' ಸ್ವರಕ್ಕೆ, ಬಂದಾಗ ಕೈಕೊಡುತ್ತದೆ. ನಿಲ್ಲಿಸುತ್ತಾಳೆ, ಮತ್ತೆ ಮೊದಲಿಂದ. ಐದಾರು ಸಲ ಹೀಗೇ ಆಯಿತು. ಏಳನೇ ಸಲ ಸರಿಯಾಗಿ ಬಿತ್ತು. ಕಾಯಿ ಹಿಡಿದ ನನ್ನ ಕೈ ಹಾಗೇ ನಿಂತುಬಿಟ್ಟಿತು. ಆ ಗಾಂಧಾರ ಇವತ್ತಿಗೂ ಕಿವಿಯಲ್ಲಿದೆ. ಹೆಡ್‌ಫೋನಿನಲ್ಲಿ ಕೇಳಿದ್ದು ಒಂದು ಚೂರೂ ಇಲ್ಲ.

ಹಳೆಯದನ್ನೆಲ್ಲ ಲೆಕ್ಕ ಹಾಕಿದರೂ ಹೀಗೇ. ನಾನು ಬೆಳೆದದ್ದು ತರೀಕೆರೆ ಕಡೆ. ಮನೆಯಲ್ಲಿ ಭದ್ರಾವತಿ ಆಕಾಶವಾಣಿ. ಅಮ್ಮ ಅದನ್ನು ಹಾಡಿಗೆ ಅಂತ ಹಾಕುತ್ತಿರಲಿಲ್ಲ, ಗಡಿಯಾರಕ್ಕೆ ಅಂತ ಹಾಕುತ್ತಿದ್ದಳು. ಪ್ರದೇಶ ಸಮಾಚಾರ ಬಂತು ಅಂದರೆ ಏಳೂ ಐದು, ಅಪ್ಪನ ಸ್ನಾನಕ್ಕೆ ನೀರು ತೋಡಬೇಕು. ಅದಕ್ಕೆ ಮುಂಚೆ ಒಂದೊಂದು ದಿನ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ದನಿಯಲ್ಲಿ ಅಕ್ಕಮಹಾದೇವಿಯ ವಚನ ಬರುತ್ತಿತ್ತು. 'ಅಕ್ಕ ಕೇಳವ್ವಾ, ನಾನೊಂದು ಕನಸ ಕಂಡೆ' ಅಂತ ಶುರು. ಆಮೇಲೆ 'ಅಕ್ಕಿ ಅಡಕೆ ಓಲೆ ತೆಂಗಿನಕಾಯಿ ಕಂಡೆ'. ಅದು ಶೆಟ್ಟರ ಅಂಗಡಿಗೆ ಕೊಡುವ ಚೀಟಿ ಅಂತಲೇ ನನ್ನ ನಂಬಿಕೆ. ಪಾಪ ಯಾರೋ ಹೆಂಗಸು, ಕನಸಲ್ಲೂ ಅವಳಿಗೆ ಸಾಮಾನಿನದೇ ಚಿಂತೆ ಅಂದುಕೊಂಡಿದ್ದೆ. ಯಾರೂ ಕೂರಿಸಿ ಕಲಿಸಲಿಲ್ಲ. ಆದರೂ ಆ ಎಳೆತ, ಉಸಿರು ತೆಗೆದುಕೊಳ್ಳುವ ಜಾಗ, ಎಲ್ಲ ಗೊತ್ತು.

ಪುಸ್ತಕದ ಕಥೆಯೂ ಇದೇ. ಶ್ರದ್ಧೆಯಿಂದ ಅಡಿಗೆರೆ ಹಾಕಿ ಓದಿದ್ದು ಮರೆತಿದೆ. ಕಡ್ಲೆಕಾಯಿ ಪೊಟ್ಟಣದ ಕಾಗದದಲ್ಲಿ ಓದಿದ ಅರ್ಧ ಕಥೆ ನೆನಪಿದೆ. ಒಬ್ಬ ಮನುಷ್ಯ ಮಳೆಯಲ್ಲಿ ಬೀಗ ಒಡೆಯುತ್ತಿದ್ದ. ಅವನದೇ ಮನೆ. ಅಲ್ಲಿಗೆ ಕಾಗದ ಹರಿದಿತ್ತು. ನಲವತ್ತು ವರ್ಷ ಆಯಿತು, ಅವನಿನ್ನೂ ಅಲ್ಲೇ ನಿಂತು ನೆನೆಯುತ್ತಿದ್ದಾನೆ.

ನಿಮಗೂ ಹೀಗೇನಾ? ಇಲ್ಲಾ ಇದು ನನ್ನ ಸೋಮಾರಿತನಕ್ಕೆ ನಾನೇ ಕೊಟ್ಟುಕೊಂಡ ಒಳ್ಳೆ ಹೆಸರಾ?

ಮೇಳಕರ್ತ
ಭಾನುವಾರ, ಬೆಳಿಗ್ಗೆ 9:55

ಎರಡನೆಯದೇ ಸರಿ ಮೇಡಂ. ಬೇಜಾರು ಮಾಡಿಕೊಳ್ಳಬೇಡಿ.

ಸಂಗೀತ ಊದುಬತ್ತಿ ಅಲ್ಲ, ಹಚ್ಚಿಟ್ಟು ಬೇರೆ ಕೆಲಸ ನೋಡಿಕೊಳ್ಳೋಕೆ. ಮನ್ಸೂರರು ಯಾರೂ ಮುಟ್ಟದ ಅಪರೂಪದ ರಾಗಗಳನ್ನು ಹಾಡಿದವರು. ಅವರು ಒಂದೊಂದು ಸ್ವರಕ್ಕೆ ಪಟ್ಟ ಕಷ್ಟವನ್ನು ನಾವು ಹುಳಿಗೆ ಒಗ್ಗರಣೆ ಹಾಕುತ್ತಾ ಕೇಳೋದು ನನಗೆ ಒಪ್ಪಿಗೆ ಇಲ್ಲ. ನಮ್ಮ ಕಡೆ ಕಛೇರಿಗಳಲ್ಲಂತೂ ನೋಡಿದ್ದೇನೆ. ತನಿ ಆವರ್ತನ, ಅಂದರೆ ಬರೀ ಮೃದಂಗ ನುಡಿಸುವ ಭಾಗ, ಶುರುವಾದ ತಕ್ಷಣ ಅರ್ಧ ಸಭೆ ಎದ್ದು ಕಾಫಿಗೆ ಹೋಗುತ್ತದೆ. ಮೃದಂಗದವರು ಎರಡು ಗಂಟೆ ಕಾದಿರುತ್ತಾರೆ ಅದಕ್ಕೆ. ಅವರೂ ನಿಮ್ಮ ಹಾಗೇ 'ಅರೆಕಿವಿ'ಯವರು ಅನ್ನೋಣವಾ?

ಇನ್ನೊಂದು. 'ಅಂಗಡಿ ಚೀಟಿ' ಅಂದಿರಿ. ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ ಮದುವೆಯ ಸಾಮಾನು. ಆಕೆ ಕಂಡದ್ದು ಮದುವೆಯ ಕನಸು. ಕೂತು ಕೇಳಿದ್ದರೆ ಆವತ್ತೇ ಗೊತ್ತಾಗುತ್ತಿತ್ತು.

ಕಾಫಿಪುಡಿ
ಭಾನುವಾರ, ಬೆಳಿಗ್ಗೆ 10:10

ಅಂದರೆ ಸಾಮಾನಿನ ಪಟ್ಟಿ ಅಂತ ನಾನು ತಿಳಿದದ್ದು ಸರಿ. ಯಾವ ಅಂಗಡಿ ಅನ್ನೋದು ಮಾತ್ರ ತಪ್ಪು.

ಗಿರಣಿ ಓಣಿ
ಭಾನುವಾರ, ಬೆಳಿಗ್ಗೆ 10:40

ಅಕ್ಕಾರ, ನಿಮ್ಮ ಮಾತು ಖರೆ. ನಾನು ಹುಬ್ಬಳ್ಳಿಯವ. ನಮ್ಮ ಭಾಗದ ದೊಡ್ಡ ಗಾಯಕರೆಲ್ಲ ಮೊದಲು ಸಂಗೀತ ಕೇಳಿದ್ದು ಎಲ್ಲಿ ಅಂತ ಸ್ವಲ್ಪ ನೋಡ್ರಿ.

ಗಂಗೂಬಾಯಿ ಹಾನಗಲ್ ಅವರು ಸಣ್ಣವರಿದ್ದಾಗ ಬೀದಿಯಲ್ಲಿ ಗ್ರಾಮಫೋನ್ ಕೇಳಿಸಿದರೆ ಮನೆಯಿಂದ ಓಡಿ ಬರುತ್ತಿದ್ದರು. ಭೀಮಸೇನ ಜೋಶಿಯವರು ಹುಡುಗರಿದ್ದಾಗ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಹುಚ್ಚು ಹಿಡಿದು ಮನೆ ಬಿಟ್ಟು ಹೋದರು. ಅದೂ ಒಂದು ಅಂಗಡಿಯಲ್ಲಿ ಹಾಕಿದ್ದ ರೆಕಾರ್ಡು. ಅಂಗಡಿಯವ ಹಾಕಿದ್ದು ಗಿರಾಕಿಗೆ, ಸಿಕ್ಕಿದ್ದು ಹಾದಿಯಲ್ಲಿ ಹೋಗುವ ಹುಡುಗನಿಗೆ. ಬೆಳಗಾವಿ ಜಿಲ್ಲೆ ಸುಳೇಭಾವಿಯ ಶಿವಪುತ್ರ ಅನ್ನೋ ಹುಡುಗ ರೆಕಾರ್ಡಿನಲ್ಲಿ ಕೇಳಿದ್ದನ್ನು ಹಾಗೇ ಒಪ್ಪಿಸುತ್ತಿದ್ದ. ಆತನೇ ಕುಮಾರ ಗಂಧರ್ವ.

ಆ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗಲಿಗೆ ಮೂರು ಮೂರೂವರೆ ನಿಮಿಷದ ಹಾಡು. ಒಂದು ರಾಗ ಅಷ್ಟರಲ್ಲೇ ಮುಗಿಯಬೇಕು. ಅರೆಕಿವಿಯವರಿಗೆ ಅಂತಲೇ ಮಾಡಿದ ಹಾಗಿತ್ತು!

ನನ್ನದು ಇನ್ನೂ ಬ್ಯಾರೆ. ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ. ಜೋಳದ ಡಬ್ಬಿ ಸರದಿಗೆ ಇಟ್ಟು ಅರ್ಧ ತಾಸು ಕಾಯಬೇಕು. ಗಿರಣಿಯ ಪಟ್ಟಾ ತಿರುಗೋದು ಒಂದೇ ದನಿ, ಗೊಂಯ್ ಅಂತ. ನಾನು ಬಾಯಿ ಮುಚ್ಚಿ ಅದರ ಜೊತಿ ದನಿ ಕೂಡಿಸುತ್ತಿದ್ದೆ. ಕಾಳು ಹಾಕಿದಾಗ ದನಿ ಸ್ವಲ್ಪ ಇಳಿಯುತ್ತದೆ, ಕಾಳು ಮುಗಿಯುತ್ತ ಬಂದಾಗ ಏರುತ್ತದೆ. ನಾನೂ ಇಳಿದು ಏರಬೇಕು. ಮುಂದೆ ಹಾರ್ಮೋನಿಯಂ ಪಾಠಕ್ಕೆ ಹೋದಾಗ ಮಾಸ್ತರ ಕೇಳಿದರು, 'ಸುರಕ್ಕ ಹಚ್ಚೋದು ಯಾರು ಕಲಿಸಿದರೋ?' ಗಿರಣಿ ಅಂತ ಹೇಳೋಕೆ ನಾಚಿಕೆ ಆಯಿತು.

ಮೇಳಕರ್ತ
ಭಾನುವಾರ, ಬೆಳಿಗ್ಗೆ 11:15

ಗಿರಣಿ ಕಥೆ ಚೆನ್ನಾಗಿದೆ ಸರ್, ಒಪ್ಪಿದೆ. ಆದರೆ ಅರ್ಧ ಕಥೆ ಹೇಳಿ ನಿಲ್ಲಿಸಿದಿರಿ. ಬೀದಿಯಲ್ಲಿ ಕೇಳಿದ ಮೇಲೆ ಏನಾಯಿತು? ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಜೋಶಿಯವರು ಅದೇ ಗುರುಗಳ ಮನೆಯಲ್ಲಿ ನೀರು ಹೊತ್ತರು. ಬೀದಿಯಲ್ಲಿ ಹುಚ್ಚು ಹತ್ತಬಹುದು, ವಿದ್ಯೆ ಹತ್ತೋದಿಲ್ಲ.

ಗಿರಣಿ ಓಣಿ
ಭಾನುವಾರ, ಬೆಳಿಗ್ಗೆ 11:22

ಹುಚ್ಚೇ ಹತ್ತದಿದ್ದರೆ ರೈಲು ಯಾರು ಹತ್ತುತ್ತಿದ್ದರು ಸರ?

ನೈಟ್ ಡ್ಯೂಟಿ
ಭಾನುವಾರ, ಮಧ್ಯಾಹ್ನ 2:05

ಈಗ ಎದ್ದೆ, ಈಗ ಓದಿದೆ. ನಾನು ನರ್ಸ್. ಡ್ಯೂಟಿಯಲ್ಲಿ ಇಯರ್‌ಫೋನ್ ಹಾಕುವ ಹಾಗಿಲ್ಲ, ಹಾಕಲೂಬಾರದು. ನಮ್ಮ ಕಿವಿ ಯಾವತ್ತೂ ಅರ್ಧ ಆಕಡೆ. ಮಾನಿಟರ್ ಬೀಪ್ ಸರಿಯಾಗಿ ಬರುತ್ತಿದ್ದರೆ ಅದು ಕೇಳಿಸೋದೇ ಇಲ್ಲ. ತಾಳ ತಪ್ಪಿದರೆ ಮಾತ್ರ ಎದ್ದು ನಿಲ್ಲುತ್ತೇವೆ. ಹಾಗಾಗಿ 'ಅರೆಕಿವಿ' ಅಂದರೆ ಗಮನ ಇಲ್ಲ ಅಂತ ಅಲ್ಲ, ಮೇಳಕರ್ತ ಸರ್. ಅದೂ ಒಂಥರಾ ಗಮನವೇ.

ಪುಸ್ತಕ ಮಾತ್ರ ಬ್ಯಾಗಲ್ಲಿ ಇರುತ್ತದೆ. ರಾತ್ರಿ ಎರಡರ ಮೇಲೆ ಸಿಕ್ಕಿದರೆ ಹತ್ತು ನಿಮಿಷ. ಒಂದು ಕಥೆಯನ್ನು ಮೂರು ರಾತ್ರಿ ಓದಿದೆ, ಮೂರು ಸಲವೂ ಅದೇ ಪುಟಕ್ಕೆ ಬಂದಾಗ ಬೆಲ್ ಆಯಿತು. ಅಜ್ಜಿಯೊಬ್ಬಳು ಹಿತ್ತಲಿನ ಬಾಗಿಲು ತೆಗೆಯುವ ಜಾಗ. ನಾಲ್ಕನೇ ರಾತ್ರಿ ಬೆಲ್ ಆಗಲಿಲ್ಲ. ಪುಟ ತಿರುವಿದೆ. ಹಿತ್ತಲಲ್ಲಿ ಏನೂ ಇರಲಿಲ್ಲ, ಅಜ್ಜಿ ಪಾತ್ರೆ ತೊಳೆಯೋಕೆ ಬಂದದ್ದಷ್ಟೇ. ಮೂರು ದಿನ ಏನೇನೋ ಊಹೆ ಮಾಡಿದ್ದೆ!

ಮಸ್ಕತ್ ಮಾವ
ಭಾನುವಾರ, ಮಧ್ಯಾಹ್ನ 3:30

ಪ್ರದೇಶ ಸಮಾಚಾರ ಅಂದ ತಕ್ಷಣ ಒಳಗೆ ಬಂದೆ. ಇಪ್ಪತ್ತು ವರ್ಷದಿಂದ ಮಸ್ಕತ್‌ನಲ್ಲಿದ್ದೇನೆ. ಈಗ ಮೊಬೈಲ್ ಆ್ಯಪ್‌ನಲ್ಲಿ ಆಕಾಶವಾಣಿ ನೇರವಾಗಿ ಬರುತ್ತದೆ. ಇಲ್ಲಿ ಗಡಿಯಾರ ಒಂದೂವರೆ ಗಂಟೆ ಹಿಂದೆ. ಊರಿನ ಏಳೂ ಐದು ನಮಗೆ ಐದೂ ಮೂವತ್ತೈದು. ಹೊರಗೆ ಕತ್ತಲು, ರೇಡಿಯೋದಲ್ಲಿ ಬೆಳಗಾಗಿ ಹಾಲಿನವನು ಬಂದು ಹೋಗಿರುತ್ತಾನೆ. ಹೆಂಡತಿ ಬೈಯುತ್ತಾಳೆ, 'ಇಲ್ಲಿ ಮಳೆಯೇ ಇಲ್ಲ, ಕೊಡಗಿನ ಮಳೆ ವರದಿ ಯಾಕೆ ನಿಮಗೆ?'

ನಿಲಯ ಶುರುವಾಗುವ ಮೊದಲು ಒಂದು ರಾಗ ಬರುತ್ತಿತ್ತಲ್ಲ, ಪಿಟೀಲು, ಹಿಂದೆ ತಂಬೂರಿ. ಅದನ್ನು ಮಾಡಿದ್ದು ವಾಲ್ಟರ್ ಕೌಫ್‌ಮನ್ ಅನ್ನೋರು. ಹಿಟ್ಲರನ ಕಾಟಕ್ಕೆ ಯುರೋಪ್ ಬಿಟ್ಟು ಮುಂಬಯಿಗೆ ಬಂದ ಯಹೂದಿ. ಶಿವರಂಜಿನಿ ರಾಗದ ಮೇಲೆ ಕಟ್ಟಿದ್ದಂತೆ. ಊರು ಬಿಟ್ಟವನು ಮಾಡಿದ ರಾಗ ಕೇಳಿ ಊರು ಬಿಟ್ಟ ನಾನು ಏಳುತ್ತೇನೆ. ಅದನ್ನೂ ಯಾರೂ ಕೂತು ಕೇಳಲಿಲ್ಲ ಬಿಡಿ. ಹಲ್ಲುಜ್ಜುತ್ತಾ ಕೇಳಿದೆವು.

ಹಳೇ ರಟ್ಟು
ಭಾನುವಾರ, ಸಂಜೆ 5:10

ಪೊಟ್ಟಣದ ಕಾಗದದ ಕಥೆಗೆ ನನ್ನದೊಂದು ಸೇರಿಸುತ್ತೇನೆ. ನಮ್ಮ ದೊಡ್ಡಮ್ಮ ವಾರಪತ್ರಿಕೆಯ ಧಾರಾವಾಹಿ ಕತ್ತರಿಸಿ ಹೊಲಿದು ಇಡುತ್ತಿದ್ದರು. ಸುಧಾ 1965ರಲ್ಲಿ ಶುರುವಾಯಿತಲ್ಲ, ಅವರ ಮದುವೆಯೂ ಅದೇ ಸುಮಾರಿಗೆ. ದಬ್ಬಣ, ಗೋಣಿ ದಾರ, ಹಳೇ ಕ್ಯಾಲೆಂಡರಿನ ರಟ್ಟು. ಮೇಲೆ ಲಕ್ಷ್ಮಿ ಚಿತ್ರ, ಒಳಗೆ ಪತ್ತೇದಾರಿ ಕಥೆ. ಪುಟದ ಹಿಂದೆ ಅರ್ಧ ಅಡುಗೆ ವಿಧಾನ, ಅರ್ಧ ರಾಶಿಭವಿಷ್ಯ. 'ಸಾಸಿವೆ ಸಿಡಿದ ಮೇಲೆ' ಅಂತ ಕತ್ತರಿ ಬಿದ್ದಿರುತ್ತದೆ.

ಅವರು ಹೋದ ಮೇಲೆ ಆ ಕಟ್ಟುಗಳು ನನ್ನ ಪಾಲಿಗೆ ಬಂದವು. ಒಂದು ಕಾದಂಬರಿಯಲ್ಲಿ ಹದಿನಾಲ್ಕನೇ ಕಂತು ಇಲ್ಲ. ಆ ವಾರ ಪತ್ರಿಕೆ ಬರಲಿಲ್ಲವೋ, ಮಕ್ಕಳು ದೋಣಿ ಮಾಡಿದರೋ. ಆ ಜಾಗದಲ್ಲಿ ಲೆಕ್ಕದ ಪುಸ್ತಕದ ಒಂದು ಹಾಳೆ ಹೊಲಿದಿದ್ದಾರೆ. ಅದರಲ್ಲಿ ಪೆನ್ಸಿಲಲ್ಲಿ ಮೂರು ಸಾಲು: 'ಸರೋಜ ತವರಿಗೆ ಹೋದಳು. ಅತ್ತೆಗೆ ಕಾಯಿಲೆ. ಅವನು ಕಾಗದ ಬರೆದ.' ಅಷ್ಟೇ. ಯಾರನ್ನೋ ಕೇಳಿ ತಿಳಿದು ಬರೆದಿರಬೇಕು ಅಂದುಕೊಂಡೆ.

ಹೋದ ವರ್ಷ ಗ್ರಂಥಾಲಯದಲ್ಲಿ ಆ ಕಾದಂಬರಿ ಪುಸ್ತಕವಾಗಿ ಬಂದದ್ದು ಸಿಕ್ಕಿತು. ನಿಂತಲ್ಲೇ ಹುಡುಕಿ ಓದಿದೆ. ಸರೋಜ ತವರಿಗೆ ಹೋಗೋದೇ ಇಲ್ಲ. ಅತ್ತೆ ಗಟ್ಟಿಮುಟ್ಟಾಗಿದ್ದಾಳೆ. ಕಾಗದವೂ ಇಲ್ಲ. ದೊಡ್ಡಮ್ಮ ಮೂರಕ್ಕೆ ಮೂರೂ ಸ್ವಂತ ಕಟ್ಟಿದ್ದರು. ಆಶ್ಚರ್ಯ ಅಂದರೆ, ಹದಿನೈದನೇ ಕಂತಿಗೆ ಅದು ಎಲ್ಲೂ ತೊಡಕಿಲ್ಲದೆ ಕೂಡಿಕೊಳ್ಳುತ್ತದೆ.

ಕಾಫಿಪುಡಿ
ಭಾನುವಾರ, ಸಂಜೆ 5:45

ನಲವತ್ತು ವರ್ಷ ಬರೆದು ಬದುಕಿದ್ದೇನೆ, ಮೂರು ಸಾಲಿನಲ್ಲಿ ಒಂದು ಕಂತು ಮುಗಿಸುವ ಧೈರ್ಯ ನನಗಿಲ್ಲ. ಆ ಹಾಳೆ ಜೋಪಾನ ಮಾಡಿ. ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ, ದಮ್ಮಯ್ಯ.

ಬಸ್‌ಪಾಸ್
ಭಾನುವಾರ, ಸಂಜೆ 6:30

ಎಲ್ಲರೂ ಅರೆಕಿವಿಯನ್ನು ಹೊಗಳುತ್ತಿದ್ದೀರಿ. ನಮ್ಮ ಗತಿ ನೋಡಿ. ದಿನಾ ಎರಡು ಗಂಟೆ ಬಸ್ಸು. ಹಿಂದಿನ ಸೀಟಿನವರ ಮೊಬೈಲಲ್ಲಿ ಹದಿನೈದು ಸೆಕೆಂಡಿಗೊಂದು ಹಾಡು. ಒಂದೂ ಪೂರ್ತಿ ಇಲ್ಲ. ಕೆಎಸ್‌ಆರ್‌ಟಿಸಿ 2021ರಲ್ಲೇ ಬಸ್ಸಿನಲ್ಲಿ ಮೊಬೈಲ್ ಜೋರಾಗಿ ಹಾಕಬಾರದು ಅಂತ ಆದೇಶ ಮಾಡಿದೆ. ಹೇಳಿದರೆ 'ನಿಮಗೆ ಹಾಡು ಇಷ್ಟ ಇಲ್ವಾ ಸಾರ್' ಅಂತ ಕೇಳುತ್ತಾರೆ. ನನಗೆ ಬೇಡವಾದ ಹತ್ತು ಹಾಡು ಬಾಯಿಪಾಠ ಆಗಿವೆ. ಇದೂ ಉಳಿದಿದೆ, ಏನು ಮಾಡಲಿ?

ಮೇಳಕರ್ತ
ಭಾನುವಾರ, ಸಂಜೆ 7:05

ನೋಡಿ, ಇದನ್ನೇ ನಾನು ಹೇಳುತ್ತಿದ್ದದ್ದು. ಉಳಿಯೋದಕ್ಕೂ ಒಳ್ಳೆಯದಕ್ಕೂ ಸಂಬಂಧ ಇಲ್ಲ. ಸೋಪಿನ ಜಾಹೀರಾತೂ ಉಳಿಯುತ್ತದೆ.

ಬೆಳಿಗ್ಗೆ ಸ್ವಲ್ಪ ಒರಟಾಗಿ ಬರೆದೆ ಅನ್ನಿಸಿತು, ಅದಕ್ಕೆ ಇನ್ನೊಂದು ಮಾತು. ನಮ್ಮ ತಂದೆ ರಾಮನವಮಿ ಕಛೇರಿಗಳಿಗೆ ತಪ್ಪದೆ ಹೋಗುತ್ತಿದ್ದರು, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ. ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ಕಛೇರಿಗಳು ಅವು. ಅಪ್ಪನ ಕೈಯಲ್ಲಿ ಟಿಕೆಟ್ಟಿನ ದುಡ್ಡಿರದ ವರ್ಷಗಳಿದ್ದವು. ಆಗ ಪೆಂಡಾಲಿನ ಆಚೆ ಸೈಕಲ್ ಸ್ಟ್ಯಾಂಡ್ ಹಾಕಿ ಕ್ಯಾರಿಯರ್ ಮೇಲೆ ಕೂತು ಕೇಳುತ್ತಿದ್ದರು. ನಾನು ಮುಂದಿನ ಬಾರ್ ಮೇಲೆ. ಪಕ್ಕದಲ್ಲಿ ಮಲ್ಲಿಗೆ ಮಾರುವವರು, ಬಸ್ಸು, ಹಾರ್ನು. ಅಪ್ಪ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಬಸ್ಸು ಹೋಗುವಾಗ ಹಾಡು ಕೇಳಿಸದಿದ್ದರೂ ತಾಳ ನಿಲ್ಲುತ್ತಿರಲಿಲ್ಲ. ಬಸ್ಸು ಹೋದ ಮೇಲೆ ನೋಡಿದರೆ ಹಾಡು ಸರಿಯಾಗಿ ಅವರ ಕೈಗೇ ಬಂದು ಬೀಳುತ್ತಿತ್ತು.

ಅವರು ಕೇಳಿದ್ದು ಅರ್ಧವೋ ಪೂರ್ತಿಯೋ ಅನ್ನೋದು ಈಗ ಗೊಂದಲ ಆಗುತ್ತಿದೆ.

ಗಿರಣಿ ಓಣಿ
ಭಾನುವಾರ, ರಾತ್ರಿ 8:15

ಸರ, ಈಗ ದಾರಿಗೆ ಬಂದಿರಿ. 🙂

ನಿಮ್ಮ ಕಡೆಯವರೇ ಆದ ಪಿಟೀಲು ಚೌಡಯ್ಯನವರ ವಿಷಯ ನೆನಪಾಯಿತು. ಮೈಕ್ ಇಲ್ಲದ ಕಾಲ. ಹಿಂದೆ ಕೂತವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಅದಕ್ಕೆ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡರು. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತವರಿಗೆ ನಾಲ್ಕೇ ಸಾಕಿತ್ತಲ್ಲ. ಹೆಚ್ಚಿನ ಮೂರು ತಂತಿ ಹಿಂದೆ ಕೂತು ಅರ್ಧಂಬರ್ಧ ಕೇಳುವ ನಮ್ಮಂಥವರ ಸಲುವಾಗಿ!

ಮಸ್ಕತ್ ಮಾವ
ಭಾನುವಾರ, ರಾತ್ರಿ 8:40

ಆ ಮೂರು ತಂತಿಗೆ ನನ್ನದೊಂದು ನಮಸ್ಕಾರ.

ಕಾಫಿಪುಡಿ
ಮಂಗಳವಾರ, ಬೆಳಿಗ್ಗೆ 7:50

ನಿನ್ನೆ ಬರೆಯೋಕೆ ಆಗಲಿಲ್ಲ. ಮೇಳಕರ್ತ ಅವರು 'ಕೂತು ಕೇಳಿದ್ದರೆ' ಅಂದದ್ದು ಚುಚ್ಚುತ್ತಾ ಇತ್ತು. ನಿನ್ನೆ ರಾತ್ರಿ ದೀಪ ಆರಿಸಿ ಕೂತು ಮನ್ಸೂರರ ಆ ವಚನವನ್ನು ಮೊದಲಿಂದ ಕೊನೆಯವರೆಗೆ ಕೇಳಿದೆ. ಹೆಡ್‌ಫೋನ್ ಇಲ್ಲದೆ, ಹೊರಗೇ ಹಾಕಿ.

ಒಂದು ವಿಷಯ ಗೊತ್ತಾಯಿತು. ನನಗೆ ಆ ವಚನದ ಕೊನೆಯೇ ಗೊತ್ತಿರಲಿಲ್ಲ.

ಚಿಕ್ಕವಳಿದ್ದಾಗ ಆ ಹೊತ್ತಿಗೆ ಹಾಲು ತರೋಕೆ ಡೈರಿಗೆ ಹೋಗಬೇಕಿತ್ತು. 'ಅಕ್ಕಿ ಅಡಕೆ' ಬರುವಾಗ ಕೈಯಲ್ಲಿ ಚೊಂಬು. ನಮ್ಮ ಬೀದಿಯಲ್ಲಿ ಸಾಲಾಗಿ ಐದು ಮನೆ, ಐದರಲ್ಲೂ ಅದೇ ನಿಲಯ. ಒಂದು ಮನೆ ಬಿಟ್ಟರೆ ಇನ್ನೊಂದು ಮನೆಯ ಕಿಟಕಿ ಹಾಡನ್ನು ಮುಂದಕ್ಕೆ ಒಯ್ಯುತ್ತಿತ್ತು. ವಚನದಲ್ಲಿ ಗೊರವ, ಅಂದರೆ ಶಿವನ ವೇಷದ ಭಿಕ್ಷುಕ, ಭಿಕ್ಷೆಗೆ ಬರೋದು ನಾಲ್ಕನೇ ಮನೆಯ ಹತ್ತಿರ. ಸುಲಿಪಲ್ಲ ಗೊರವ ಅಂದರೆ ಯಾರು ಅಂತ ಗೊತ್ತಿರಲಿಲ್ಲ, ನಾಲ್ಕನೇ ಮನೆಯ ಜಗುಲಿಯಲ್ಲಿ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಾ ಕೂರುವ ತಾತನೇ ಇರಬೇಕು ಅಂದುಕೊಂಡಿದ್ದೆ. ಬಿಳಿ ಹಲ್ಲಿನವನು ಅಂತ ಅರ್ಥವಂತೆ, ಅಷ್ಟು ದೂರ ಏನೂ ಹೋಗಿರಲಿಲ್ಲ ನಾನು. ಐದನೇ ಮನೆ ದಾಟಿದರೆ ಕೆರೆ ಏರಿ. ಅಲ್ಲಿ ಮನೆ ಇಲ್ಲ, ರೇಡಿಯೋ ಇಲ್ಲ. ಅಲ್ಲಿಂದ ಮುಂದೆ ಕಪ್ಪೆ, ನೀರುಕೋಳಿ.

ಹಾಗಾಗಿ ನನ್ನ ಪಾಲಿಗೆ ಗೊರವ ಮನೆಗೆ ಬಂದ, ಅಲ್ಲಿಗೆ ಮುಗಿಯಿತು. ಅವನು ಹೊರಟುಹೋಗುವುದು, ಇವಳು ಬೆನ್ನುಹತ್ತಿ ಹೋಗಿ ಕೈ ಹಿಡಿಯುವುದು, ಕೊನೆಗೆ 'ಕಣ್ತೆರೆದೆನು' ಅನ್ನೋದು, ಎಲ್ಲ ನಿನ್ನೆ ರಾತ್ರಿ ಮೊದಲ ಸಲ ಕೇಳಿದ್ದು. ಕತ್ತಲಲ್ಲಿ ಕೂತಿದ್ದೆ, ಮೈ ಜುಮ್ಮೆಂದಿತು. ಮೇಳಕರ್ತ ಅವರಿಗೆ ಇದೊಂದು ಬಿಟ್ಟುಕೊಟ್ಟೆ.

ಇಷ್ಟಾಗುವಾಗ ಅಮ್ಮ ರೂಮಿನಲ್ಲಿ ಮಲಗಿದ್ದಳು. ನಿದ್ದೆ ಬಂದಿದೆ ಅಂದುಕೊಂಡಿದ್ದೆ. ಹಾಡು ಮುಗಿದು ಒಂದು ನಿಮಿಷ ಆಗಿರಬೇಕು, ಒಳಗಿನಿಂದ ದನಿ ಬಂತು.

'ಏನೇ, ಕಾಯಿ ಅಂದಾಗ ನೆನಪಾಯ್ತು. ಮನೇಲಿ ಒಂದೂ ತೆಂಗಿನಕಾಯಿ ಇಲ್ಲ. ಬೆಳಿಗ್ಗೆ ತಂದುಬಿಡು.'

ನೈಟ್ ಡ್ಯೂಟಿ
ಮಂಗಳವಾರ, ಬೆಳಿಗ್ಗೆ 8:20

ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಓದಿ ನಗುತ್ತಿದ್ದೇನೆ, ಪಕ್ಕದವರು ನೋಡುತ್ತಿದ್ದಾರೆ. ಅಮ್ಮನಿಗೆ ನಮಸ್ಕಾರ ಹೇಳಿ. ಕಾಯಿ ತಂದ್ರಾ?

ಕಾಫಿಪುಡಿ
ಮಂಗಳವಾರ, ಬೆಳಿಗ್ಗೆ 8:45

ಎರಡು ತಂದೆ. ಒಂದು ಕೊಳೆತಿತ್ತು.